ಒಂದು ಚುಕ್ಕಿಯ ತಿಪ್ಪವ್ವ

ಹುಲಿಗೊಪ್ಪದ ತಿಪ್ಪವ್ವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರು ಆಡಿಕೊಳ್ಳುತ್ತಾರೆ. ಅದು ಅಷ್ಟು ನ್ಯಾಯದ ಮಾತಲ್ಲ. ಆಕೆಗೆ ಸಿಟ್ಟು ಬರಲು ಇದ್ದದ್ದು ಒಂದೇ ಕಾರಣ. ಆ ಕಾರಣ ದಿನಾ ನಸುಕಿನಲ್ಲೇ ಒದಗಿಬರುತ್ತಿತ್ತು ಎಂಬುದು ಆಕೆಯ ತಪ್ಪಲ್ಲ. ಯಾರಾದರೂ ತಡ ಮಾಡಿದರೆ ಆಕೆ ಸಹಿಸುತ್ತಿರಲಿಲ್ಲ. ಇಪ್ಪತ್ತೆರಡು ಹೆಂಗಸರ ಆಳಿನ ಗುಂಪು ಆಕೆಯದು. ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ, ಕಳೆ ತೆಗೆಯುವುದಿರಲಿ, ಉಳ್ಳಾಗಡ್ಡಿ ಕೀಳುವುದಿರಲಿ, ಮೆಣಸಿನಕಾಯಿ ಬಿಡಿಸುವುದಿರಲಿ, ಮೂವತ್ತೊಂದು ವರ್ಷದಿಂದ ತಿಪ್ಪವ್ವನ ಗುಂಪು ಹೇಳಿದ ಹೊತ್ತಿಗೆ ಹೊಲದ ಬದುವಿನ ಮೇಲೆ ನಿಂತಿರುತ್ತಿತ್ತು. ಗಂಡ ತೀರಿಕೊಂಡ ಹದಿನಾಲ್ಕನೆಯ ದಿನವೂ ನಿಂತಿತ್ತು. ಹಾಗಂತ ಆಕೆಯೇ ಹೇಳಿಕೊಳ್ಳುತ್ತಿದ್ದಳು, ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತಿದ್ದಳು.

ಎರಡು ವರ್ಷದ ಹಿಂದೆ ಗದಗಿನ ಕಡೆಯಿಂದ 'ಮುಯ್ಯಾಳು' ಎಂಬ ಹೆಸರಿನ ಒಂದು ಆ್ಯಪ್ ಬಂತು. ಆಳು ಬೇಕಾದ ರೈತ ತನ್ನ ಫೋನಿನಲ್ಲಿ ಇಂಥ ದಿನ ಇಷ್ಟು ಜನ ಬೇಕು ಎಂದು ಒತ್ತುತ್ತಾನೆ. ಹತ್ತಿರದ ಗುಂಪಿಗೆ ಆ ಕೆಲಸ ಹೋಗುತ್ತದೆ. ಟೆಂಪೊ ಬಂದು ಹೆಂಗಸರನ್ನು ಹೊಲಕ್ಕೆ ಮುಟ್ಟಿಸುತ್ತದೆ. ತಿಪ್ಪವ್ವನ ಗುಂಪಿಗೆ ಗೊತ್ತಾದದ್ದು ಮುಂಡರಗಿಯ ಮೊಹಸಿನನ ಟೆಂಪೊ. ತಿಪ್ಪವ್ವನಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು, ಹಾಗಾಗಿ ಆ್ಯಪ್ ಮೊಹಸಿನನ ಫೋನಿನಲ್ಲಿರುತ್ತಿತ್ತು. ಮೊದಲೆಲ್ಲ ಅದರಲ್ಲಿ ರೈತನ ಹೆಸರು, ಊರು ಬರುತ್ತಿತ್ತು. ಹೆಸರು ಹೇಳಿದರೆ ಸಾಕು, ತಿಪ್ಪವ್ವ ಟೆಂಪೊದ ಮುಂದಿನ ಸೀಟಿನಲ್ಲಿ ಕುಳಿತು ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುತ್ತಿದ್ದಳು.

ಈ ಶ್ರಾವಣದಲ್ಲಿ ಆ ಆ್ಯಪಿಗೆ ನಕ್ಷೆ ಸೇರಿತು. ಬೆರಳಿಂದ ಎಳೆದರೆ ಸರಿಯುವ, ಚಿವುಟಿದರೆ ಹತ್ತಿರ ಬರುವ ನಕ್ಷೆ. ಅದರ ಮೇಲೆ ಕೆಂಪು ಮೊಳೆಯಂಥ ಗುರುತು. ಗುರುತು ಇದ್ದ ಮೇಲೆ ಹೆಸರು ಯಾಕೆ ಎಂದು ಹೆಸರನ್ನು ತೆಗೆದುಹಾಕಿದ್ದರು. ರೈತನ ಫೋನ್ ನಂಬರು ಮತ್ತು ಕೆಂಪು ಮೊಳೆ ಅಷ್ಟೇ ಉಳಿದವು. ಕೆಲಸ ಮುಗಿದ ಮೇಲೆ ರೈತ ಗುಂಪಿಗೆ ಐದಕ್ಕೆ ಇಷ್ಟು ಎಂದು ಚುಕ್ಕಿ ಕೊಡುವುದೂ ಆಗಲೇ ಶುರುವಾಯಿತು.

ಆಗ ಹೆಸರುಕಾಳಿನ ಕಾಯಿ ಬಿಡಿಸುವ ಹಂಗಾಮು. ಈ ಕೆಲಸದಲ್ಲಿ ತಡವೆಂದರೆ ಬರೀ ತಡವಲ್ಲ. ಒಣಗಿದ ಹೆಸರಿನ ಬುಡ್ಡಿಯನ್ನು ಇಬ್ಬನಿಯಲ್ಲಿ ತೊಯ್ದು ಮೆತ್ತಗಿರುವಾಗಲೇ ಬಿಡಿಸಬೇಕು. ಬಿಸಿಲು ಏರಿತೋ, ಕೈ ತಾಗಿದ ಕೂಡಲೇ ಬುಡ್ಡಿ ಚಟ್ಟನೆ ಸಿಡಿದು ಕಾಳೆಲ್ಲ ಮಣ್ಣುಪಾಲು. ಆ ದಿನ ನಸುಕಿನಲ್ಲಿ ಮೊಹಸಿನ ಫೋನು ನೋಡಿ, "ಬನ್ನಿಹಾಳ ತೋರಸಾಕತ್ತೈತಿ ಅವ್ವಾರ," ಎಂದ. ತಿಪ್ಪವ್ವನ ಮುಖ ಅರಳಿತು. ಬನ್ನಿಹಾಳ ಆಕೆಯ ತವರೂರು. ಅಲ್ಲಿಯ ಒಂದೊಂದು ಬದುವೂ ಆಕೆಗೆ ಗೊತ್ತು.

"ಯಾರ ಹೊಲಾ ಅಂತ?"

"ಹೆಸರಿಲ್ರಿ. ನಂಬರ ಐತಿ. ಮ್ಯಾಪ್ ಒಯ್ದು ಬಿಡ್ತೈತಿ, ನೀವು ಆರಾಮ ಕುಂಡ್ರಿ."

ಮ್ಯಾಪು ಒಯ್ದು ಬಿಟ್ಟಿತು, ನಿಜ. ಬಿಟ್ಟದ್ದು ಬನ್ನಿಹಾಳದ ಹನಮಪ್ಪನ ಗುಡಿಯ ಕಟ್ಟೆಯ ಮುಂದೆ. ತಲುಪಿದ್ದೀರಿ ಎಂದು ಫೋನು ಹಸಿರು ಗುರುತು ತೋರಿಸಿತು. ಇಪ್ಪತ್ತೆರಡು ಹೆಂಗಸರು ಬುತ್ತಿಗಂಟು ಹಿಡಿದು ಕೆಳಗಿಳಿದು ಹನಮಪ್ಪನ ಮುಖ ನೋಡಿದರು.

"ಹೊಲ ಎಲ್ಲೈತೋ ಮೊಹಸಿನಾ? ಹನಮಪ್ಪ ಏನರ ಹೆಸರು ಬಿತ್ಯಾನೇನು?" ಎಂದಳು ತಿಪ್ಪವ್ವ.

ಮೊಹಸಿನ ಆ ನಂಬರಿಗೆ ಫೋನು ಹಚ್ಚಿದ. ಆ ಕಡೆ ಹತ್ತಲಿಲ್ಲ. ಹತ್ತು ಸಲ ಹಚ್ಚಿದ. ಊರವರೆಲ್ಲ ತಮ್ಮ ತಮ್ಮ ಹೊಲದಲ್ಲಿದ್ದರು. ಕಟ್ಟೆಯ ಮೇಲಿದ್ದ ಒಬ್ಬ ಮುದುಕ, ಆಳು ಯಾರು ಕರೆಸಿದರೋ ತನಗೆ ತಿಳಿಯದು ಎಂದ. ತಿಪ್ಪವ್ವ ಕಟ್ಟೆಯಿಂದ ಊರಬಾಗಿಲಿನ ಅಗಸೆಗೆ, ಅಗಸೆಯಿಂದ ಕಟ್ಟೆಗೆ ತಿರುಗಿದಳು. ಹೊತ್ತು ಮಾರುದ್ದ ಏರಿತು. ಕೊನೆಗೆ ಮೋಟರ್ ಸೈಕಲ್ಲಿನ ಮೇಲೆ ದೂಳೆಬ್ಬಿಸಿಕೊಂಡು ಬಂದವನು ಲಕ್ಕಪ್ಪ. ಅವನ ಹೊಲ ಅಲ್ಲಿಂದ ಎರಡು ಮೈಲು ಮೂಡಣಕ್ಕೆ.

ಲಕ್ಕಪ್ಪನ ಬಾಯಿ ಸುತ್ತ ಹತ್ತೂರಿಗೆ ಗೊತ್ತು. ಅಂದು ಅವನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಸಾರಾಂಶ ಇಷ್ಟು: ತವರೂರಿನ ಹಾದಿ ಮರೆತ ಹೆಂಗಸು ಆಳು ಯಾಕೆ ಕಟ್ಟಿಕೊಂಡು ತಿರುಗಬೇಕು. ಲಕ್ಕಪ್ಪನ ಹೊಲ ಎಂದು ಒಂದು ಮಾತು ಬಂದಿದ್ದರೆ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದ ತಿಪ್ಪವ್ವ ತಲೆ ತಗ್ಗಿಸಿ ಹೆಂಗಸರನ್ನು ಮತ್ತೆ ಟೆಂಪೊ ಹತ್ತಿಸಿದಳು. ತಡವಾದದ್ದು ಖರೆ ಇತ್ತಲ್ಲ. ಅರ್ಧ ಹೊಲ ಬಿಡಿಸುವಷ್ಟರಲ್ಲಿ ಬುಡ್ಡಿಗಳು ಕೈಯಲ್ಲೇ ಸಿಡಿಯತೊಡಗಿದವು. ಪ್ರತಿಯೊಂದು ಚಟ್ ಸದ್ದೂ ಆಕೆಯ ಮುಖಕ್ಕೇ ಬಂದು ತಾಗಿದಂತಾಯಿತು.

ಮರುದಿನ ಮೊಹಸಿನ ಫೋನು ಹಿಡಿದುಕೊಂಡು ಆಕೆಯ ಮನೆ ಬಾಗಿಲಿಗೆ ಬಂದ. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಕಾಲಿನಿಂದ ನೆಲ ಕೆರೆದ.

"ಅವ್ವಾರ, ಲಕ್ಕಪ್ಪ ಆ್ಯಪಿನಾಗ ನಿಮ್ಮ ಗುಂಪಿಗೆ ಚುಕ್ಕಿ ಕೊಟ್ಟಾನ್ರಿ."

"ಎಷ್ಟಕ್ಕ ಎಷ್ಟು?"

"ಐದಕ್ಕ ಒಂದು."

"ಅದನ್ನ ಯಾರ್ಯಾರು ನೋಡ್ತಾರ?"

"ಆ್ಯಪ್ ತಗದವರೆಲ್ಲ ನೋಡ್ತಾರ್ರಿ. ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ... ಎಲ್ಲಾರೂ."

ತಿಪ್ಪವ್ವ ಆ ಫೋನನ್ನು ಇಸಿದುಕೊಂಡು ನೋಡಿದಳು. ಓದಲು ಬಾರದಿದ್ದರೂ ಚುಕ್ಕಿ ಎಣಿಸಲು ಬರುತ್ತಿತ್ತು. ಒಂದು ಹಳದಿ ಚುಕ್ಕಿ, ಅದರ ಪಕ್ಕ ನಾಲ್ಕು ಖಾಲಿ. ಮೂವತ್ತೊಂದು ವರ್ಷದ ಆಕೆಯ ಹೆಸರು ಗದಗ ಜಿಲ್ಲೆಯ ಕಣ್ಣಿಗೆ ಇಷ್ಟಾಗಿತ್ತು. ಲಕ್ಕಪ್ಪನ ಜೊತೆ ಜಗಳ ತೆಗೆಯಬೇಕು ಎಂದು ಗುಂಪಿನ ಹನಮಂತವ್ವ ಸೆರಗು ಬಿಗಿದು ನಿಂತಳು. ತಿಪ್ಪವ್ವ ಬೇಡವೆಂದಳು. ಲಕ್ಕಪ್ಪ ಕಂಡದ್ದನ್ನು ಬರೆದಿದ್ದ. ಹಾದಿ ತಪ್ಪಿಸಿದವರು ಬೇರೆಯವರು, ಅವರು ಗದಗಿನಲ್ಲಿದ್ದರು.

ಮುಂಡರಗಿಗೆ ಹೋಗಿ ಅಲ್ಲಿಂದ ಗದಗಿನ ಬಸ್ಸು ಹತ್ತಿ, ಕೇಳುತ್ತ ಕೇಳುತ್ತ ತಿಪ್ಪವ್ವ ಬೆಟಗೇರಿ ರಸ್ತೆಯ ಒಂದು ಛಾಪಖಾನೆಯ ಮಾಳಿಗೆ ಹತ್ತಿದಳು. ಕೆಳಗೆ ಲಗ್ನಪತ್ರಿಕೆ ಅಚ್ಚಾಗುವ ಸದ್ದು, ಮೇಲೆ 'ಮುಯ್ಯಾಳು'ವಿನ ಆಫೀಸು. ನಾಲ್ಕು ಟೇಬಲ್ಲು, ಒಂದು ಫ್ಯಾನು. ಆ್ಯಪಿನ ಒಡೆಯ ಸಮೀರ, ಗದಗಿನ ಮಾಸ್ತರರ ಮನೆತನದವನು, ನಲವತ್ತರ ಹತ್ತಿರದವನು, ಮಾತು ಮೃದು. ನಕ್ಷೆ ಸೇರಿಸಿದವಳು ನೇತ್ರಾ; ಲಕ್ಷ್ಮೇಶ್ವರದ ಹುಡುಗಿ, ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದಿ ಮುಗಿಸಿ ಈ ಆಫೀಸು ಸೇರಿ ವರ್ಷವಾಗಿತ್ತು.

"ನಾನು ಒಂದು ಚುಕ್ಕಿಯ ತಿಪ್ಪವ್ವ," ಎಂದಳು ಬಾಗಿಲಲ್ಲೇ ನಿಂತು. "ನನ್ನ ಹಾದಿ ತಪ್ಪಿಸಿದವರು ಯಾರದೀರಿ?"

ಸಮೀರ ಎದ್ದು ಕುರ್ಚಿ ಕೊಟ್ಟ. ಸಂಗತಿ ಕೇಳಿ ನಿಟ್ಟುಸಿರುಬಿಟ್ಟ. "ನಿಮ್ಮದೊಂದ ಅಲ್ರಿ ತಾಯಿ. ಆ ಕಡೆ ಹಳ್ಳಿಗಳೊಳಗ ಹಿಂಗ ಆಗ್ಲಿಕ್ಕತ್ತದ. ನಾ ನೇತ್ರಾಗ ಹೇಳೇನಿ, ಗುಡ್ಡದ ಕಡೆ ಊರಿಗೆಲ್ಲ ಮ್ಯಾಪ್ ತಗದು ಬಿಡೂಣು ಅಂತ. ಆ ಮಂದಿಗೆ ಮ್ಯಾಪ್ ತಿಳಿಯೂದಿಲ್ಲ. ನೋಡ್ರಿ ಇಲ್ಲೆ."

ಅವನು ದೊಡ್ಡ ಪರದೆಯನ್ನು ಆಕೆಯ ಕಡೆ ತಿರುಗಿಸಿದ. ಮೊಳೆಗಳ ಮೇಲೆ ಮೊಳೆ ಬಡಿದಂತೆ ಒಂದೇ ಕಡೆ ಕೆಂಪು ಗುಂಪೆ. "ಬನ್ನಿಹಾಳದ ನಲವತ್ತಮೂರು ರೈತರು. ನಿಮ್ಮ ಹೊಲದಾಗ ನಿಂತು ಗುಂಡಿ ಒತ್ರಿ ಅಂತ ಕನ್ನಡದಾಗ ಬರದೇವಿ. ಎಲ್ಲಾರೂ ಒಂದ ಜಾಗಾದಾಗ ಒತ್ಯಾರ. ಇದಕ್ಕೇನು ಮಾಡೂದ್ರಿ?"

ತವರೂರಿನ ಮಂದಿಗೆ ತಿಳಿಯುವುದಿಲ್ಲ ಎಂಬ ಮಾತು ತಿಪ್ಪವ್ವನಿಗೆ ಚುರುಕ್ಕೆಂದಿತು. ಕುರ್ಚಿಯಿಂದೆದ್ದು ಪರದೆಗೆ ಮುಖ ಹಚ್ಚಿ ನೋಡಿದಳು. ಮೊದಮೊದಲು ಬರೀ ಬಣ್ಣ ಕಂಡಿತು. ನೇತ್ರಾ ಬೆರಳಾಡಿಸಿ ಅದನ್ನು ಹತ್ತಿರ ತಂದಳು. ಒಂದು ದುಂಡನೆಯ ಹಸಿರು, ಅದರ ಪಕ್ಕ ಚೌಕಾಕಾರದ ಬಿಳುಪು, ಅದರೆದುರು ಸಣ್ಣ ಗೋಪುರದ ನೆರಳು.

"ಇದು ಹನಮಪ್ಪನ ಗುಡಿಯಲ್ಲೇನವ್ವಾ? ಇದು ಬೇವಿನ ಗಿಡ. ಇದು ಕಟ್ಟಿ." ಆಕೆ ಒಮ್ಮೆಲೇ ನಕ್ಕುಬಿಟ್ಟಳು. "ಅಯ್ಯ! ಮಂದಿ ಶಾಣ್ಯಾರ ಅದಾರ. ನಮ್ಮ ಬನ್ನಿಹಾಳದಾಗ ಫೋನು ಹತ್ತೂದ ಆ ಕಟ್ಟಿ ಮ್ಯಾಲೆ. ಗುಡ್ಡ ಅಡ್ಡ ಬರ್ತೈತಿ, ಹೊಲದಾಗ ಒಂದು ಕಡ್ಡಿನೂ ನೆಟ್‌ವರ್ಕ್ ಇಲ್ಲ. ಮಗಳಿಗೆ ಮಾತಾಡೂದಿದ್ರೂ ಕಟ್ಟಿಗೆ ಬರ್ತಾರ, ರೇಶನ್ ಬಂತೇನಂತ ನೋಡಾಕೂ ಕಟ್ಟಿಗೆ ಬರ್ತಾರ. ಹೊಲದಾಗ ಒತ್ತಿ ನೋಡ್ಯಾರ, ನಿಮ್ಮ ಗುಂಡಿ ತಿರಗ್ಯಾಡಕೋತ ನಿಂತೈತಿ. ಕಟ್ಟಿಗೆ ಬಂದು ಒತ್ಯಾರ, ಹತ್ತೈತಿ. ಒತ್ರಿ ಅಂದ್ರಿ, ಒತ್ಯಾರ. ಇನ್ನೇನು ಮಾಡಬೇಕಿತ್ತು ಅವರು?"

ನೇತ್ರಾಳ ಮುಖ ಕೆಂಪಗಾಯಿತು.

"ಸರ್, ತಪ್ಪು ಮಂದೀದಲ್ಲ, ನಂದು," ಎಂದಳು. "ಜಾಗಾ ತಿಳಿಯಾಕ ನೆಟ್‌ವರ್ಕ್ ಬೇಕಾಗೂದ ಇಲ್ಲ. ಅದು ಮ್ಯಾಲಿನ ಉಪಗ್ರಹದಿಂದ ಸಿಗ್ತೈತಿ. ನಾನ ಆ ಗುಂಡಿ ನೆಟ್‌ವರ್ಕ್ ಬರೂತನಾ ಕಾಯೂ ಹಂಗ ಬರದೀನಿ. ಲಕ್ಷ್ಮೇಶ್ವರದಾಗ ಎಲ್ಲಾ ಕಡೆ ಹತ್ತೈತಿ ನೋಡ್ರಿ, ಹತ್ತದ ಇರೂ ಊರು ನನ್ನ ತಲ್ಯಾಗ ಬರ್ಲೇ ಇಲ್ಲ."

ತಪ್ಪನ್ನು ಒಪ್ಪಿಕೊಂಡ ಹುಡುಗಿ ತಿಪ್ಪವ್ವನಿಗೆ ಹಿಡಿಸಿದಳು. ಸಮೀರ ಮಾತ್ರ ಗಡ್ಡ ಕೆರೆಯುತ್ತ ಲೆಕ್ಕ ಹಾಕುತ್ತಿದ್ದ. ಗುಂಡಿಯನ್ನು ತಿದ್ದಬಹುದು, ಆದರೆ ನಲವತ್ತಮೂರು ಜನ ಮತ್ತೆ ತಮ್ಮ ಹೊಲಕ್ಕೆ ಹೋಗಿ ಒತ್ತಬೇಕು, ಅಷ್ಟರಲ್ಲಿ ಹೆಸರಿನ ಹಂಗಾಮು ಮುಗಿದಿರುತ್ತದೆ. ಈ ಹಂಗಾಮಿಗೆ ಆ ಊರುಗಳನ್ನು ಬಿಟ್ಟುಬಿಡುವುದೇ ಸರಿ ಎಂದ. ಬಳಿಕ, ಪಾಪ ಅನ್ನಿಸಿತೋ ಏನೋ, "ನಿಮ್ಮ ಆ ಒಂದು ಚುಕ್ಕಿ ಬೇಕಾದ್ರ ಈಗ ತಗದು ಬಿಡ್ತೇನ್ರಿ ತಾಯಿ. ಎರಡು ನಿಮಿಷದ ಕೆಲಸ," ಎಂದ.

ತಿಪ್ಪವ್ವ ಇಷ್ಟು ದೂರ ಬಂದದ್ದೇ ಅದಕ್ಕೆ. ಆದರೂ ಆ ಮಾತು ಕೇಳಿದ ಕೂಡಲೇ ಆಕೆಗೆ ಅದು ಬೇಡವಾಯಿತು. ಕದ್ದು ಅಳಿಸಿದ ಚುಕ್ಕಿಯಿಂದ ಹೆಸರು ಹೇಗೆ ಬರುತ್ತದೆ?

"ಬ್ಯಾಡ್ರಿ ಸಾಹೇಬ್ರ. ಲಕ್ಕಪ್ಪ ಕೊಟ್ಟದ್ದು, ಅಂವನ ಮುಂದ ಆಗಬೇಕು. ನೀವು ನಲವತ್ತಮೂರು ಹೊಲ ಬೇಕಂತೀರಲ್ಲ, ನಾ ಹೇಳ್ತೀನಿ. ಈ ಹುಡುಗಿ ಬರಕೊಳ್ಳಲಿ."

ಹೇಳುತ್ತೇನೆ ಎಂದದ್ದು ಸುಲಭ, ತೋರಿಸುವುದು ಅಷ್ಟು ಸುಲಭವಾಗಲಿಲ್ಲ. ಕಟ್ಟೆಯಿಂದ ಹೊರಟ ಬೆರಳು ಎರಡು ತಿರುವು ದಾಟುವುದರಲ್ಲಿ ತಪ್ಪಿಬಿಡುತ್ತಿತ್ತು. ಹಳ್ಳ ಇರಬೇಕಾದ ಕಡೆ ದಿಬ್ಬ, ದಿಬ್ಬದ ಕಡೆ ಹಳ್ಳ. ತಿಪ್ಪವ್ವನ ಹಣೆ ಬೆವೆತಿತು. ಸಮೀರ ಗಡಿಯಾರ ನೋಡಿದ್ದನ್ನು ಆಕೆ ನೋಡಿದಳು.

"ಗುಡ್ಡ ಯಾ ಕಡೆ ಐತವ್ವಾ ಇದರಾಗ?"

ನೇತ್ರಾ ಪರದೆಯ ಎಡಗಡೆ ತೋರಿಸಿದಳು.

"ಅದಕ್ಕ ಮತ್ತ! ಗುಡ್ಡ ಬಗಲಾಗ ಇಟಗೊಂಡು ಯಾರು ಹಾದಿ ನಡೀತಾರ? ನಾವು ನಸುಕಿನಾಗ ಹೊಂಡೂದು ಹೊತ್ತು ಹುಟ್ಟೂ ಕಡೆ ಮುಖ ಮಾಡಿ. ಗುಡ್ಡ ಬೆನ್ನಿಗಿ ಇರಬೇಕು. ಇದನ್ನ ತಿರುವು."

ನಕ್ಷೆಯೆಂದರೆ ಉತ್ತರ ಮೇಲೆ ಎಂದು ಶಾಲೆಯಿಂದ ಕಲಿತು ಬಂದ ನೇತ್ರಾ ಒಂದು ಗಳಿಗೆ ತಡೆದಳು. ಆಮೇಲೆ ಎರಡು ಬೆರಳಿಟ್ಟು ಇಡೀ ಬನ್ನಿಹಾಳವನ್ನು ತಿರುಗಿಸಿದಳು. ಮೂಡಣ ಮೇಲೆ ಹೋಯಿತು, ಕಪ್ಪತಗುಡ್ಡ ಕೆಳಗೆ ಬಂತು. ತಿಪ್ಪವ್ವ ಪರದೆಯ ಮುಂದೆ ನೆಟ್ಟಗೆ ನಿಂತಳು, ಬೆನ್ನಿಗೆ ಗುಡ್ಡ ಇದ್ದವಳ ಹಾಗೆ. ಆಮೇಲೆ ಆಕೆಯ ಬೆರಳು ಎಲ್ಲೂ ನಿಲ್ಲಲಿಲ್ಲ.

"ಕಟ್ಟಿಯಿಂದ ಸೀದಾ ಹೋದ್ರ ಸುಳ್ಳಬಾವಿ ಹೊಲ, ಬಾವಿ ಐತಿ, ನೀರಿಲ್ಲ. ಅದರ ಬಲಕ್ಕ ನೆರಳಿನ ಹೊಲ, ಮೂರು ಹುಣಸಿಗಿಡ ಅದಾವಲ್ಲ, ಅದ. ಹಳ್ಳ ದಾಟಬ್ಯಾಡ್ರಿ, ಶ್ರಾವಣದಾಗ ಟೆಂಪೊ ಹುಗೀತೈತಿ. ಕುರಿಹಟ್ಟಿ ಮಗ್ಗಲ ಹಾಯಬೇಕು. ಇದು ಹನಮಂತವ್ವ ಹಡದ ಹೊಲ."

"ಏನ್ರಿ?"

"ಕಳೆ ತಗಿಯಾಕ ಹೋದಾಗ ಇಲ್ಲೇ ಹಡದ್ಲು, ಹೆಣ್ಣು ಕೂಸು. ಈಗ ಅದು ಕಾಲೇಜಿಗೆ ಹೋಗ್ತೈತಿ. ರೈತರು ಇದಕ್ಕ ಬ್ಯಾರೆ ಏನೋ ಅಂತಾರ. ನಾವು ಹೆಣ್ಣಾಳು ಇಟ್ಟ ಹೆಸರು ಇವು. ಆಳಿಗೆ ಹೊಲ ಗೊತ್ತಾಗೂದು ಈ ಹೆಸರಿಂದ."

ನೇತ್ರಾ ಒಂದನ್ನೂ ಬಿಡದೆ ಬರೆದುಕೊಂಡಳು. ಯಾವ ಹೊಲದ ಬದುವಿನಲ್ಲಿ ಹಾವು, ಯಾವ ದಾರಿ ಮಳೆಯಲ್ಲಿ ಕೆಡುತ್ತದೆ, ಎಲ್ಲಿ ಟೆಂಪೊ ತಿರುಗಿಸಲು ಜಾಗವಿದೆ, ಎಲ್ಲ ಬಂತು. ಲಕ್ಕಪ್ಪನ ಹೊಲ ಬಂದಾಗ ತಿಪ್ಪವ್ವ ಅದರ ಹೆಸರೂ ಹೇಳಿದಳು, ನೇತ್ರಾ ನಕ್ಕಳು, ನಗುತ್ತಲೇ ಅದನ್ನೂ ಬರೆದಳು. ಕೆಳಗೆ ಛಾಪಖಾನೆಯವರು ಊಟಕ್ಕೆ ಬಿಟ್ಟು ಮತ್ತೆ ಬಂದರು. ಸಮೀರ ಗಡಿಯಾರ ನೋಡುವುದನ್ನು ಯಾವಾಗಲೋ ಮರೆತಿದ್ದ. ಆಕೆಯ ಹಿಂದೆ ಕೈಕಟ್ಟಿ ನಿಂತಿದ್ದ. ನಲವತ್ತಮೂರು ಮೊಳೆಗಳು ಕಟ್ಟೆಯಿಂದೆದ್ದು ಒಂದೊಂದಾಗಿ ತಮ್ಮ ತಮ್ಮ ಹೊಲಕ್ಕೆ ಹೋಗಿ ಕೂತವು.

ಆದರೂ ಅವನು ವ್ಯವಹಾರಸ್ಥ. "ಒಂದು ಸಲ ಪರೀಕ್ಷಾ ಆಗ್ಲಿ ತಾಯಿ," ಎಂದ. "ಲಕ್ಕಪ್ಪಂದು ಹೆಸರು ಎರಡನೇ ಸಲ ಬಿಡಿಸೂದು ಶುಕ್ರವಾರ ಅದ. ಬ್ಯಾರೆ ಆಳು ಸಿಗಲಿಲ್ಲಂತ ನಿಮ್ಮ ಗುಂಪಿಗೇ ಬಂದದ. ಟೆಂಪೊ ಮ್ಯಾಪ್ ನೋಡಿನ ಹೋಗಬೇಕು. ನೀವು ಹಾದಿಯೊಳಗ ಒಂದು ಮಾತೂ ಆಡಬಾರ್ದು. ನೀವು ಇಲ್ಲದಾಗೂ ಇದು ನಡೀಬೇಕಲ್ಲ? ಇಬ್ಬನಿ ಆರೂದರಾಗ ಮುಟ್ಟಿತು, ಆ ಕಡೆ ಊರಿಗೆ ಮ್ಯಾಪ್ ಇರ್ತದ. ಇಲ್ಲಾ, ಶನಿವಾರ ತಗೀತೇನಿ."

ಶುಕ್ರವಾರ ನಸುಕಿನಲ್ಲಿ ನೇತ್ರಾ ಹುಲಿಗೊಪ್ಪಕ್ಕೆ ಬಂದಿಳಿದಳು. ಎರಡು ರಾತ್ರಿ ಸರಿಯಾಗಿ ಮಲಗಿರಲಿಲ್ಲ ಎಂದು ಕಣ್ಣೇ ಹೇಳುತ್ತಿತ್ತು. ನೆಟ್‌ವರ್ಕ್ ಇಲ್ಲದೆಯೂ ಓಡುವ ಹಾಗೆ ಇಡೀ ನಕ್ಷೆಯನ್ನು ಮೊಹಸಿನನ ಫೋನಿನೊಳಗೆ ಇಳಿಸಿದ್ದಳು. ಗಾಡಿ ಹೊಡೆಯುವವನು ಫೋನು ನೋಡುತ್ತ ಕೂರಬಾರದು ಎಂದು ದಾರಿಯನ್ನು ಬಾಯಲ್ಲಿ ಹೇಳುವ ಹಾಗೂ ಮಾಡಿದ್ದಳು.

ತಿಪ್ಪವ್ವ ಎಲೆ ಅಡಿಕೆ ಹಾಕಿಕೊಂಡು ಬಾಯಿ ತುಂಬಿಕೊಂಡು ಕುಳಿತಳು. ಮಾತಾಡದಿರಲು ಆಕೆಗೆ ಬೇರೆ ಉಪಾಯ ತಿಳಿದಿರಲಿಲ್ಲ. ಹಿಂದೆ ಕುಳಿತ ಹೆಂಗಸರಿಗೆ ಇದೇ ಒಂದು ಮೋಜಾಗಿತ್ತು. ತಿಪ್ಪವ್ವ ಬಾಯಿ ಮುಚ್ಚಿದ್ದನ್ನು ಅವರು ಲಗ್ನವಾಗಿ ಬಂದಂದಿನಿಂದ ಕಂಡಿರಲಿಲ್ಲ.

ಹಳ್ಳದ ಕವಲು ಬಂತು. ಎದುರಿಗೆ ನೀರು ಒಂದು ಗೇಣೂ ಇರಲಿಲ್ಲ. "ಸೀದಾ ಹೊಡದ್ರ ಜಲ್ದಿ ಆಗ್ತೈತಿ," ಎಂದು ಮೊಹಸಿನ ಗೇರು ಬದಲಿಸಿದ. ನೀರು ಕಡಿಮೆ, ಕೆಳಗಿನ ಕೆಸರು ಕಡಿಮೆಯಲ್ಲ. ತಿಪ್ಪವ್ವ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ದೊಡ್ಡದು ಮಾಡಿ ಮೊಹಸಿನನನ್ನೇ ನೋಡಿದಳು. ಅಷ್ಟರಲ್ಲಿ ಫೋನಿನ ಹೆಂಗಸು ಪುಸ್ತಕದ ಕನ್ನಡದಲ್ಲಿ ಹೇಳಿದಳು:

"ಶ್ರಾವಣದಲ್ಲಿ ಹಳ್ಳ ದಾಟಬೇಡಿ. ಕುರಿಹಟ್ಟಿಯ ಪಕ್ಕದಿಂದ ಎಡಕ್ಕೆ ತಿರುಗಿ."

ಮೊಹಸಿನ ಬೆಚ್ಚಿ ಎಡಕ್ಕೆ ತಿರುಗಿಸಿದ. ತಿಪ್ಪವ್ವ ಫೋನನ್ನು ನೋಡಿದಳು. ತನ್ನ ಮಾತೇ, ಬಟ್ಟೆ ಬದಲಿಸಿ ಬಂದ ಹಾಗಿತ್ತು. ತಾನು ಸುಮ್ಮನೆ ಕುಳಿತಿದ್ದರೂ ತನ್ನ ಮಾತು ಮುಂದೆ ಮುಂದೆ ದಾರಿ ತೋರಿಸುತ್ತಿತ್ತು. ಆಕೆಗೆ ಹೆಮ್ಮೆಯಾಯಿತು, ಮರೆಮಾಚುವುದೇನು. ಮಗ್ಗುಲಲ್ಲಿದ್ದ ನೇತ್ರಾಳ ತೊಡೆಯನ್ನು ಒಮ್ಮೆ ಮೆಲ್ಲಗೆ ತಟ್ಟಿದಳು.

ಸುಳ್ಳಬಾವಿ ಹೊಲ ದಾಟಿತು, ಹನಮಂತವ್ವ ಹಡೆದ ಹೊಲ ದಾಟಿತು. ಅದನ್ನು ಫೋನು ಹೇಳಿದಾಗ ಹನಮಂತವ್ವ, "ಅಯ್ಯ ನನ್ನ ಮರ್ಯಾದಿ!" ಎಂದು ಕೂಗಿ, ಮರುಗಳಿಗೆಯಲ್ಲೇ ಎದೆಯುಬ್ಬಿಸಿ ಕೂತಳು. ಹೊತ್ತು ಇನ್ನೂ ಕೆಂಪಾಗಿ ನೆಲಕ್ಕೆ ಹತ್ತಿಕೊಂಡಿತ್ತು. ದೂರದ ಬದುವಿನ ಮೇಲೆ ಟವೆಲು ಹೆಗಲಿಗೆ ಹಾಕಿದ ಲಕ್ಕಪ್ಪ, ಇವತ್ತೇನು ಬೈಯಲಿ ಎಂದು ಸಿದ್ಧನಾದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಟೆಂಪೊ ಅವನ ಕಾಲ ಬುಡಕ್ಕೇ ಹೋಗಿ ನಿಂತಿತು. ಇಂಜಿನ್ನು ಬಂದಾಯಿತು. ಆ ನಿಶ್ಶಬ್ದದಲ್ಲಿ ಫೋನಿನ ಹೆಂಗಸು ಸ್ಪಷ್ಟವಾಗಿ, ಬಹಳ ಮರ್ಯಾದೆಯಿಂದ ಹೇಳಿದಳು:

"ನೀವು ಬೈಗಳದ ಹೊಲವನ್ನು ತಲುಪಿದ್ದೀರಿ."

ನೇತ್ರಾ ನಾಲಿಗೆ ಕಚ್ಚಿಕೊಂಡಳು. ಹಿಂದೆ ಇಪ್ಪತ್ತೆರಡು ಸೆರಗುಗಳು ಇಪ್ಪತ್ತೆರಡು ಬಾಯಿಗೆ ಹೋದವು.

"ಏನಂತು ಅದು?" ಎಂದ ಲಕ್ಕಪ್ಪ.

ಫೋನು, ಕೇಳಿದವರಿಗೆ ಉತ್ತರ ಕೊಡಬೇಕೆಂದು ತಿಳಿಯಿತೋ ಏನೋ, ಇನ್ನೊಮ್ಮೆ ಹೇಳಿತು.

ಲಕ್ಕಪ್ಪನ ಕುತ್ತಿಗೆಯ ನರ ಉಬ್ಬಿದವು. ಬಾಯಿ ತೆರೆದ. ಆ ತೆರೆದ ಬಾಯಿಂದ ಹೊರಡುವ ಮೊದಲ ಮಾತೇ ಆ ಹೆಸರಿಗೆ ಸಾಕ್ಷಿಯಾಗುತ್ತದೆ ಎಂದು ಅವನಿಗೂ ಹೊಳೆಯಿತು, ನೋಡುತ್ತಿದ್ದ ಹೆಂಗಸರಿಗೂ ಹೊಳೆಯಿತು. ಬಾಯಿ ಹಾಗೇ ಮುಚ್ಚಿಕೊಂಡಿತು.

ತಿಪ್ಪವ್ವ ಎಲೆ ಅಡಿಕೆ ಉಗಿದು ಕೆಳಗಿಳಿದಳು. ಬಗ್ಗಿ ಒಂದು ಹೆಸರಿನ ಬುಡ್ಡಿಯನ್ನು ಕಿತ್ತು ಅವನ ಅಂಗೈಯಲ್ಲಿಟ್ಟಳು. ಬುಡ್ಡಿ ಹಸಿಯಾಗಿತ್ತು. "ನೋಡಪಾ ಲಕ್ಕಪ್ಪ. ತಡ ಆಗೇತೇನು?"

"ಇಲ್ಲ," ಎಂದ ಅವನು, ಬುಡ್ಡಿಯನ್ನು ನೋಡುತ್ತ.

"ಸಾಲು ಹಿಡೀರಿ!" ಎಂದು ತಿಪ್ಪವ್ವ ಹಿಂದಕ್ಕೆ ಕೂಗಿದಳು. ಆ ದನಿಗೆ ಬದುವಿನ ಮೇಲಿನ ಬೆಳ್ಳಕ್ಕಿಗಳು ಹಾರಿದವು.

ಆ ದಿನ ಕೆಲಸ ನಡೆದ ಪರಿಯನ್ನು ಹೆಂಗಸರು ಇನ್ನೂ ಹೇಳಿಕೊಂಡು ನಗುತ್ತಾರೆ. ಬಿ‌ಸಿಲು ಏರುವುದರೊಳಗೆ ಹೊಲವೆಲ್ಲ ಬಿಡಿಸಿ ಆಯಿತು. ಒಂದು ಬುಡ್ಡಿಯೂ ಸಿಡಿಯಲಿಲ್ಲ. ಲಕ್ಕಪ್ಪ ಮಾತ್ರ ಒಳಗೊಳಗೇ ಸಿಡಿಯುತ್ತಿದ್ದ. ಯಾರೋ ಒಬ್ಬಳು ಗಿಡವನ್ನೇ ಕಿತ್ತಾಗ, "ನಿನ್ನ..." ಎಂದು ಶುರುಮಾಡಿ, ನುಂಗಿ, "ನಿನ್ನ ಕೈಗೆ ಮುಳ್ಳು ಹತ್ತೀತು, ಸಾವಕಾಶ ತಂಗಿ," ಎಂದು ಮುಗಿಸಿದ. ಮೂವತ್ತೊಂದು ವರ್ಷದಲ್ಲಿ ಆ ಹೊಲದಲ್ಲಿ ತಂಗಿ ಎಂಬ ಮಾತು ಕೇಳಿದ್ದು ಅದೇ ಮೊದಲು.

ಬುತ್ತಿ ಬಿಚ್ಚಿದಾಗ ಅವನು ನೇತ್ರಾಳ ಹತ್ತಿರ ಬಂದು, ಆ ಹೆಸರನ್ನು ತೆಗೆಯಲು ಏನು ಮಾಡಬೇಕು ಎಂದು ತಗ್ಗಿದ ದನಿಯಲ್ಲಿ ಕೇಳಿದ. ಬರೆದವಳು ತಾನು, ಇಟ್ಟವರು ಅವರು ಎಂದು ನೇತ್ರಾ ತಿಪ್ಪವ್ವನ ಕಡೆ ಕೈ ಮಾಡಿದಳು.

"ಅಕ್ಕಾ, ಇದು ಸರಿಯೇನು? ಊರ ಮುಂದ ನನ್ನ ಮಾನ ಹೋಗ್ತೈತಿ."

ತಿಪ್ಪವ್ವ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಲಕ್ಕಪ್ಪ, ನೀ ನನಗ ಒಂದು ಚುಕ್ಕಿ ಕೊಟ್ಟಿ. ಎಲ್ಲಾರೂ ನೋಡಿದ್ರು. ಅವತ್ತು ಮ್ಯಾಪು ನಿನ್ನ ಹೊಲ ಹನಮಪ್ಪನ ಕಟ್ಟಿ ಮ್ಯಾಲೆ ತೋರಿಸಿತ್ತು. ಆಫೀಸಿನ ಸಾಹೇಬ್ರು ಎರಡು ನಿಮಿಷದಾಗ ತಗೀತೀನಿ ಅಂದ್ರು. ನಾ ಬ್ಯಾಡ ಅಂದೆ. ನಿನ್ನ ಮನಿಗೆ ಬಂದು ತಗಿಯಪಾ ಅಂತ ಕೈ ಮುಗದ್ನೇನು? ನಸುಕಿನಾಗ ಎದ್ದು ನಿನ್ನ ಹೊಲಕ್ಕ ಬಂದೆ. ನೀ ಕಂಡದ್ದು ನೀ ಬರದಿ. ನಾವು ಕೇಳಿದ್ದು ನಾವು ಬರಸೇವಿ."

ಲಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಗೋಣಿಚೀಲಗಳ ಕಡೆ ನಡೆದುಹೋದ. ತಿಪ್ಪವ್ವನಿಗೆ ಅವನ ಮೇಲೆ ಒಂದಿಷ್ಟು ಮರುಕವಾಯಿತು, ಆದರೆ ಕರೆದು ಮಾತು ಹಿಂತೆಗೆದುಕೊಳ್ಳುವಷ್ಟು ಆಗಲಿಲ್ಲ.

ಹಿಂದಿರುಗುವಾಗ ಹನಮಪ್ಪನ ಕಟ್ಟೆಯ ಹತ್ತಿರ ಟೆಂಪೊ ನಿಲ್ಲಿಸಿ ನೇತ್ರಾ ಆಫೀಸಿಗೆ ಫೋನು ಹಚ್ಚಿದಳು. ಸಮೀರ ಎಲ್ಲ ಕೇಳಿದ. ಗುಡ್ಡದ ಕಡೆಯ ಯಾವ ಊರಿನ ನಕ್ಷೆಯನ್ನೂ ತೆಗೆಯುವುದಿಲ್ಲ ಎಂದ. ಡಂಬಳದ ಕಡೆಯಿಂದ ಹಿಡಿದು ಶಿರಹಟ್ಟಿಯ ತನಕ ಊರೂರಿನ ಹೆಣ್ಣಾಳಿನ ಮುಖಂಡರನ್ನು ಆಫೀಸಿಗೆ ಕರೆಸಿ, ಗುಡ್ಡವನ್ನು ಬೆನ್ನಿಗಿಟ್ಟು ಕೂರಿಸಿ, ಹೊಲದ ಹೆಸರು ಬರೆಸಬೇಕು. ಅದನ್ನು ನಡೆಸಿಕೊಡುವವರು ತಿಪ್ಪವ್ವನೇ ಆಗಬೇಕು ಎಂದ. ತಿಪ್ಪವ್ವ ನಾಳೆ ನೋಡೋಣ ಎಂದಳು. ಆಕೆಯ ಮನಸ್ಸು ಇನ್ನೂ ಬೇರೆ ಕಡೆ ಇತ್ತು. ಲಕ್ಕಪ್ಪ ಚುಕ್ಕಿಯ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಬೇರೊಂದು ಹೊಲಕ್ಕೆ ಹೊರಟ ಟೆಂಪೊವನ್ನು ಮೊಹಸಿನ ಅಗಸೆಯಲ್ಲೇ ನಿಲ್ಲಿಸಿದ. ಫೋನು ತಿಪ್ಪವ್ವನ ಮುಂದೆ ಹಿಡಿದ. ಆಕೆ ಎಣಿಸಿದಳು. ಐದು. ಕೆಳಗೆ ಹಳೆಯ ಒಂದು ಚುಕ್ಕಿಯೂ ಹಾಗೇ ಇತ್ತು, ಇರಲಿ ಎನ್ನಿಸಿತು.

"ಬರೇ ಚುಕ್ಕಿ ಅಲ್ರಿ ಅವ್ವಾರ, ಬರದಾನ," ಎಂದ ಮೊಹಸಿನ. "ಓದ್ಲೇನ್ರಿ?"

"ಓದು. ದೊಡ್ಡದಾಗಿ ಓದು."

ಮೊಹಸಿನ ಗಂಟಲು ಸರಿಮಾಡಿಕೊಂಡು ಓದಿದ: "ತಿಪ್ಪಕ್ಕ ಬಂದಾಗ ಇಬ್ಬನಿ ಆರಿರಲಿಲ್ಲ. ಹ್ವಾದ ಸಲ ತಪ್ಪು ಆಕೀದಲ್ಲ. ಇಂತಿ, ಬೈಗಳದ ಹೊಲದ ಲಕ್ಕಪ್ಪ."

ಟೆಂಪೊ ತುಂಬ ನಗು ಎದ್ದಿತು. ತಿಪ್ಪವ್ವ ನಗಲಿಲ್ಲ. ಆ ಹೆಸರನ್ನು ತನ್ನ ಕೈಯಾರೆ ಬರೆದುಕೊಂಡವನ ಬಗ್ಗೆ ಆಕೆಗೆ ಮೊದಲ ಸಲ ಗೌರವವೇ ಬಂದಿತ್ತು. ಕಣ್ಣು ತುಂಬಿದ್ದನ್ನು ಯಾರೂ ನೋಡಬಾರದೆಂದು ಮುಖವನ್ನು ಹೊತ್ತು ಹುಟ್ಟುವ ಕಡೆ ತಿರುಗಿಸಿದಳು.

"ಇನ್ನೊಮ್ಮಿ ಓದೋ ಮೊಹಸಿನಾ," ಎಂದಳು. "ಹನಮಂತವ್ವಗ ಕೇಳಿಸಿಲ್ಲ."

ಹನಮಂತವ್ವ ಆಕೆಯ ಪಕ್ಕದಲ್ಲೇ ಕುಳಿತಿದ್ದಳು.